ಉಸಿರಾಟದ ಪ್ರಯೋಗದ ಕಿಟ್: ಗಾಜು ಚೆನ್ನಾಗಿದೆ, ಬಿರಡೆ ಸೋರುತ್ತದೆ

ಹತ್ತನೇ ತರಗತಿಗೆ ‘ಜೀವಕ್ರಿಯೆಗಳು’ ಪಾಠ ಮಾಡುವವರು ಯಾರಾದರೂ ಉಸಿರಾಟದ ಪ್ರಯೋಗದ ಕಿಟ್ ತರಿಸಬೇಕು ಅಂತಿದ್ದರೆ ದಯವಿಟ್ಟು ಇದನ್ನು ಓದಿ ತರಿಸಿ. ನಾನು ಆನ್‌ಲೈನ್‌ನಲ್ಲಿ ತರಿಸಿದ್ದು 6 ಗುಂಪಿಗೆ ಆಗುವ ಕಿಟ್. ಬೆಲೆ 1,850 ರೂಪಾಯಿ, ಕೊರಿಯರ್ ಬೇರೆ. ಶಾಲೆಯ ದುಡ್ಡು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನೀವು ಯಾರ ಹತ್ತಿರ ತರಿಸಿದರೂ ನೋಡಬೇಕಾದದ್ದು ಇವೇ.

ಡಬ್ಬದಲ್ಲಿ 250 ಮಿ.ಲೀ. ಕೋನಿಕಲ್ ಫ್ಲಾಸ್ಕ್ 6, ಒಂದು ತೂತಿನ ಬಿರಡೆ 6, ಬಾಗಿಸಿದ ಗಾಜಿನ ಕೊಳವೆ 6 ಇದ್ದವು. ಜೊತೆಗೆ ಪುಟ್ಟ ಟೆಸ್ಟ್ ಟ್ಯೂಬು, ದಾರ, ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಗುಳಿಗೆ, ಒಂದು ಬಾಟಲಿ ಸುಣ್ಣದ ತಿಳಿನೀರು, ಈಸ್ಟ್ ಪೊಟ್ಟಣ, 8 ಪುಟದ ಪುಸ್ತಕ. ಗಾಜು ನಿಜವಾಗಿಯೂ ಚೆನ್ನಾಗಿದೆ. ಒಂದೂ ಒಡೆದಿರಲಿಲ್ಲ, ಕೊಳವೆಯ ಬಾಗು ಎಲ್ಲ ಒಂದೇ ಥರ ಇತ್ತು, ತುದಿಗಳನ್ನು ಬೆಂಕಿಯಲ್ಲಿ ನಯ ಮಾಡಿದ್ದರು. ಮಕ್ಕಳು ಕೈಯಲ್ಲಿ ಹಿಡಿಯುವ ಗಾಜಿಗೆ ಇದು ದೊಡ್ಡ ವಿಷಯ.

ತೊಂದರೆ ಇದ್ದದ್ದು ಬಿರಡೆಯಲ್ಲಿ. ಈ ಪ್ರಯೋಗ ನಿಂತಿರುವುದೇ ಬಿರಡೆಯ ಮೇಲೆ. ಮೊಳಕೆ ಕಡಲೆಯನ್ನು ಫ್ಲಾಸ್ಕಿಗೆ ಹಾಕಿ, ಕೆಒಎಚ್ ದ್ರಾವಣದ ಪುಟ್ಟ ಟ್ಯೂಬನ್ನು ಕಾಳಿಗೆ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಬಾಯಿ ಭದ್ರ ಮಾಡಿ, ಕೊಳವೆಯ ಇನ್ನೊಂದು ತುದಿಯನ್ನು ಬೀಕರಿನ ನೀರಲ್ಲಿ ಮುಳುಗಿಸುತ್ತೇವೆ. ಕಾಳು ಉಸಿರಾಡುವಾಗ ಆಮ್ಲಜನಕ ತೆಗೆದುಕೊಳ್ಳುತ್ತದೆ, ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಕೆಒಎಚ್ ಹೀರಿಕೊಳ್ಳುತ್ತದೆ, ಒಳಗೆ ಒತ್ತಡ ಇಳಿದು ನೀರು ಕೊಳವೆಯಲ್ಲಿ ಮೇಲೆ ಏರುತ್ತದೆ. ಕೂದಲೆಳೆಯಷ್ಟು ಸಂದು ಇದ್ದರೂ ಹೊರಗಿನ ಗಾಳಿ ಒಳಗೆ ಬರುತ್ತದೆ, ನೀರು ಇದ್ದಲ್ಲೇ ಇರುತ್ತದೆ. ಕಿಟ್‌ನಲ್ಲಿ ಬಂದದ್ದು ಮರದ ತೊಗಟೆಯ ಬಿರಡೆ. ಅದರ ತೂತು ಕೊಳವೆಗಿಂತ ದೊಡ್ಡದು. ನಾನು ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಒಂದು ಸಲ ಮಾಡಿ ನೋಡಿದೆ. ವ್ಯಾಸಲೀನ್ ಬಳಿದೆ, ಮೇಣ ಸುರಿದೆ, ಎರಡು ಗಂಟೆ ಕಾದೆ. 6ರಲ್ಲಿ 4 ಫ್ಲಾಸ್ಕಲ್ಲಿ ನೀರು ಅಲ್ಲಾಡಲೇ ಇಲ್ಲ.

ಅವತ್ತು ಸಂಜೆಯೇ ತುಮಕೂರಿಗೆ ಹೋಗಿ ರಬ್ಬರ್ ಬಿರಡೆ ತಂದೆ, ಕೊಳವೆಯ ಅಳತೆ ತೋರಿಸಿ ತೂತು ಕೊರೆಸಿಕೊಂಡೆ. ಆಮೇಲೆ ಎಲ್ಲ ಸರಿಹೋಯಿತು. ಒಂದು ಎಚ್ಚರಿಕೆ: ರಬ್ಬರಿಗೆ ಗಾಜಿನ ಕೊಳವೆ ತೂರಿಸುವ ಕೆಲಸ ಮಕ್ಕಳಿಗೆ ಕೊಡಬೇಡಿ. ಸೋಪಿನ ನೀರು ಹಚ್ಚಿ, ದಪ್ಪ ಬಟ್ಟೆಯಲ್ಲಿ ಹಿಡಿದು, ನಿಧಾನವಾಗಿ ತಿರುಗಿಸುತ್ತಾ ಒಳಗೆ ಬಿಡಬೇಕು. ಜೋರಾಗಿ ಒತ್ತಿದರೆ ಕೊಳವೆ ಮುರಿದು ಅಂಗೈಗೆ ಹೊಕ್ಕುತ್ತದೆ.

ಕೆಒಎಚ್ ಬಗ್ಗೆಯೂ ಹೇಳಬೇಕು. ಅದು ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಎಳೆದುಕೊಳ್ಳುವ ವಸ್ತು. ಅಂಥದ್ದನ್ನು ಸುಮ್ನೆ ತೆಳು ಪ್ಲಾಸ್ಟಿಕ್ ಕವರಲ್ಲಿ ಕಳಿಸಿದ್ದರು. ಬರುವಷ್ಟರಲ್ಲಿ ಗುಳಿಗೆಗಳು ಕರಗಿ ಅಂಟಿಕೊಂಡು ಮುದ್ದೆಯಾಗಿದ್ದವು, ಕವರಿನ ಹೊರಗೂ ಜಿನುಗಿತ್ತು. ಚರ್ಮ ಸುಡುವ ವಸ್ತು ಅದು, ಕಣ್ಣಿಗೆ ಬಿದ್ದರಂತೂ ಅನಾಹುತ. ಡಬ್ಬ ಬಿಚ್ಚಿದ್ದು ನಾನಾದ್ದರಿಂದ ಸರಿಹೋಯಿತು, ಒಬ್ಬ ಹುಡುಗನ ಕೈಗೆ ಕೊಟ್ಟಿದ್ದರೆ? ಈ ವಿಷಯದಲ್ಲಿ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಕಂಪನಿಗೆ ಫೋಟೋ ಕಳಿಸಿದೆ. 5 ದಿನದಲ್ಲಿ ಬಿಗಿ ಮುಚ್ಚಳದ ಬಾಟಲಿಯಲ್ಲಿ ಹೊಸದು ಕಳಿಸಿದರು, ಅದನ್ನೂ ಹೇಳಬೇಕಲ್ವಾ. ಬಿರಡೆಯ ಬಗ್ಗೆ ಮಾತ್ರ ಉತ್ತರ ಬರಲಿಲ್ಲ.

ಇನ್ನು ಪುಸ್ತಕ. ಇಂಗ್ಲಿಷ್, ಹಿಂದಿಯಲ್ಲಿದೆ, ಕನ್ನಡ ಇಲ್ಲ. ಅದನ್ನು ನಾನೇ ಒಂದು ಹಾಳೆಯಲ್ಲಿ ಬರೆದು ಜೆರಾಕ್ಸ್ ಮಾಡಿಸಿದೆ. ಅದಕ್ಕಿಂತ ಜಾಸ್ತಿ ಬೇಜಾರಾದದ್ದು, ಹೋಲಿಸಿ ನೋಡಲು ಇನ್ನೊಂದು ಫ್ಲಾಸ್ಕ್ ಇಡಿ ಅನ್ನುವ ಮಾತೇ ಅದರಲ್ಲಿಲ್ಲ. ಗುಂಪಿಗೆ ಒಂದು ಫ್ಲಾಸ್ಕ್, ನೀರು ಏರಿತು, ಮುಗಿಯಿತು. ಆದರೆ ನೀರು ಬೇರೆ ಕಾರಣಕ್ಕೂ ಏರುತ್ತದೆ! ಮಕ್ಕಳು ಫ್ಲಾಸ್ಕನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದರೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಹೋಗುತ್ತದೆ, ಕೈ ಬಿಟ್ಟ ಮೇಲೆ ತಣ್ಣಗಾಗಿ ನೀರನ್ನು ಮೇಲೆ ಎಳೆಯುತ್ತದೆ. ಕಾಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ನಾನು 6 ಗುಂಪನ್ನು 3 ಮಾಡಿ, ಪ್ರತಿ ಗುಂಪಿಗೆ ಎರಡು ಫ್ಲಾಸ್ಕ್ ಕೊಟ್ಟೆ. ಒಂದಕ್ಕೆ 40 ಮೊಳಕೆ ಕಡಲೆ, ಇನ್ನೊಂದಕ್ಕೆ ಬೇಯಿಸಿದ 40 ಕಡಲೆ. ಬೇಯಿಸಿದ್ದು ಪೂರ್ತಿ ಆರಿರಬೇಕು, ಬಿಸಿ ಇದ್ದರೆ ಅದು ಆರುವಾಗಲೂ ನೀರು ಏರುತ್ತದೆ. ಎರಡನ್ನೂ ನೆರಳಲ್ಲಿ, ಒಂದೇ ಮೇಜಿನ ಮೇಲೆ ಇಟ್ಟೆವು. ಬೇಯಿಸಿದ ಕಾಳನ್ನು ಇಡೀ ದಿನ ಬಿಡಬೇಡಿ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದರೆ ಅವೂ ಉಸಿರಾಡುತ್ತವೆ.

ಸೋಮವಾರ ಮೊದಲ ಎರಡು ಪೀರಿಯಡ್ ಸೇರಿಸಿಕೊಂಡು ಮಾಡಿದೆವು. ಬೀಕರಿನ ನೀರಿಗೆ ಕೆಂಪು ಇಂಕು ಹಾಕಿದ್ದರಿಂದ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಸುಮಾರು ಒಂದೂಕಾಲು ಗಂಟೆಯಲ್ಲಿ ಮೊಳಕೆಯ ಕಡೆ 6 ಸೆಂ.ಮೀ. ಏರಿತು, ಬೇಯಿಸಿದ ಕಡೆ ಇದ್ದಲ್ಲೇ ಇತ್ತು. ಒಬ್ಬಳು ಕೇಳಿದಳು, “ಮೂಗೇ ಇಲ್ಲ, ಕಾಳು ಹೇಗೆ ಉಸಿರಾಡುತ್ತೆ ಮಿಸ್?” ಎರಡು ವಾರದಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಮೂಗು, ಶ್ವಾಸಕೋಶ ಇರುವುದು ಗಾಳಿಯನ್ನು ಒಳಗೆ ಹೊರಗೆ ಮಾಡುವುದಕ್ಕೆ. ಗ್ಲೂಕೋಸನ್ನು ಒಡೆದು ಶಕ್ತಿ ತೆಗೆಯುವ ಕೆಲಸ ನಡೆಯುವುದು ಒಂದೊಂದು ಜೀವಕೋಶದ ಒಳಗೆ, ಅದರಲ್ಲಿ ಹೆಚ್ಚಿನದು ಮೈಟೊಕಾಂಡ್ರಿಯ ಅನ್ನುವ ಪುಟ್ಟ ಭಾಗದಲ್ಲಿ. ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹತ್ತದ ಮಾತು ಆ ಕೆಂಪು ನೀರು ನೋಡುತ್ತಾ ಹತ್ತಿತು.

ಇನ್ನೊಬ್ಬ, ಕೆಒಎಚ್ ಯಾಕೆ ಬೇಕು, ಕಾಳು ಆಮ್ಲಜನಕ ತೆಗೆದುಕೊಂಡರೆ ಸಾಕಲ್ವಾ ಅಂದ. ಕಿಟ್‌ನ ಪುಸ್ತಕವೂ ಅವನ ಹಾಗೇ ಹೇಳುತ್ತದೆ, ಅದು ಅರ್ಧ ಸತ್ಯ. ಒಂದು ಗ್ಲೂಕೋಸ್ ಅಣುವಿಗೆ 6 ಆಮ್ಲಜನಕದ ಅಣು ಖರ್ಚಾಗುತ್ತವೆ, 6 ಕಾರ್ಬನ್ ಡೈಆಕ್ಸೈಡ್ ಅಣು ಹೊರಗೆ ಬರುತ್ತವೆ. ಹೋದಷ್ಟೇ ಬಂದರೆ ಒತ್ತಡ ಇಳಿಯುವುದೆಲ್ಲಿ? ಮಾರನೆ ದಿನ ಕೆಒಎಚ್ ಇಲ್ಲದೆ ಒಂದು ಫ್ಲಾಸ್ಕ್ ಇಟ್ಟು ತೋರಿಸಿದೆ. ನೀರು ಏರಿದ್ದು ಗೊತ್ತಾಗದಷ್ಟು ಕಡಿಮೆ. ಈ ಮೂರನೇ ಫ್ಲಾಸ್ಕನ್ನು ನೀವೂ ಇಡಿ, ಒಂದು ಹಿಡಿ ಕಡಲೆ ಅಷ್ಟೇ ಖರ್ಚು.

ಸುಣ್ಣದ ತಿಳಿನೀರಿಗೆ ದುಡ್ಡು ಕೊಡಬೇಡಿ. ಕಿಟ್‌ನ ಬಾಟಲಿ ಸಡಿಲವಾಗಿತ್ತು, ಮೇಲೆ ಬಿಳಿ ಕೆನೆ ಕಟ್ಟಿತ್ತು. ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಚಮಚ, ಒಂದು ಬಾಟಲಿ ನೀರು, ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ಮೇಲಿನ ತಿಳಿ ಬಸಿದರೆ ಆಯಿತು. ಸ್ಟ್ರಾದಲ್ಲಿ ಊದಿದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರಿ ಹಾಲಿನ ಹಾಗೆ ಬಿಳಿಯಾಗುತ್ತದೆ. ಒಳಗೆ ಎಳೆಯಬಾರದು ಅಂತ ಮೊದಲೇ ಹೇಳಿ. ಊದುತ್ತಲೇ ಇದ್ದರೆ ಮತ್ತೆ ತಿಳಿಯಾಗುತ್ತದೆ, ಆಗ ಮಕ್ಕಳು ತಪ್ಪಾಯಿತು ಅಂತ ಗಾಬರಿಯಾಗುತ್ತಾರೆ. ತಪ್ಪಲ್ಲ, ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಸೇರಿ ಆ ಬಿಳಿ ಪುಡಿ ಕರಗಿತು ಅಷ್ಟೇ.

ಈಸ್ಟ್ ಪೊಟ್ಟಣದ ಮೇಲೆ ತಾರೀಕೇ ಇರಲಿಲ್ಲ. ಬೆಚ್ಚಗಿನ ಸಕ್ಕರೆ ನೀರಲ್ಲಿ ಅರ್ಧ ಗಂಟೆ ಇಟ್ಟರೂ ನೊರೆ ಬರಲಿಲ್ಲ. ಬೇಕರಿಯಿಂದ ತಂದದ್ದು 10 ನಿಮಿಷದಲ್ಲಿ ಉಕ್ಕಿತು. ಸಕ್ಕರೆ ನೀರನ್ನು ಕುದಿಸಿ, ಕೈಗೆ ಹಿತವಾಗುವಷ್ಟು ಆರಿಸಿ, ಈಸ್ಟ್ ಹಾಕಿ, ಮೇಲೆ ಒಂದು ಚಮಚ ಎಣ್ಣೆ ಬಿಟ್ಟರೆ ಗಾಳಿ ಸೇರುವುದಿಲ್ಲ. ಆದರೂ ಗುಳ್ಳೆ ಬರುತ್ತದೆ, ಸುಣ್ಣದ ತಿಳಿ ಬಿಳಿಯಾಗುತ್ತದೆ. ಅವಾಯುವಿಕ ಉಸಿರಾಟ, ಅಂದರೆ ಆಮ್ಲಜನಕ ಇಲ್ಲದೆ ನಡೆಯುವ ಉಸಿರಾಟ ತೋರಿಸುವುದಕ್ಕೆ ಇಷ್ಟು ಸಾಕು.

5ಕ್ಕೆ ಎರಡೂವರೆ ಕೊಡುತ್ತೇನೆ, ಅದೂ ಗಾಜಿಗೆ. ಮುಂದಿನ ವರ್ಷ ಫ್ಲಾಸ್ಕ್, ಕೊಳವೆ ಬಿಡಿಯಾಗಿ ತಗೊಂಡು ಉಳಿದದ್ದನ್ನು ಇಲ್ಲೇ ಹೊಂದಿಸುತ್ತೇನೆ. ಇಡೀ ಕಿಟ್ಟೇ ಬೇಕು ಅನ್ನುವವರು ಬಿರಡೆ ರಬ್ಬರಿನದಾ, ಕೆಒಎಚ್ ಬಾಟಲಿಯಲ್ಲಿ ಬರುತ್ತದಾ ಅಂತ ಫೋನ್ ಮಾಡಿ ಕೇಳಿ, ಆಮೇಲೆ ದುಡ್ಡು ಕಟ್ಟಿ.