ಊರಿನ ಸ್ಟುಡಿಯೋನಾ, ಬೆಂಗಳೂರಿನ ಕ್ಯಾಂಡಿಡ್ ತಂಡವಾ? ನಮ್ಮ ಮನೆಯ ಮೂರು ಮದುವೆಗಳ ಲೆಕ್ಕ

ನಮ್ಮ ಮನೆಯಲ್ಲಿ 2017ರಲ್ಲಿ ಅಕ್ಕನ ಮದುವೆ ಆಯಿತು, 2022ರಲ್ಲಿ ನನ್ನದು, 2024ರಲ್ಲಿ ತಮ್ಮನದು. ಮೂರೂ ತಿಪಟೂರಿನಲ್ಲೇ. ಫೋಟೋಗೆ ಮಾತ್ರ ಮೂರು ಸಲವೂ ಬೇರೆ ಬೇರೆ ದಾರಿ ಹಿಡಿದೆವು. ಈಗ ಚಿಕ್ಕಪ್ಪನ ಮಗಳ ಮದುವೆ ನಿಶ್ಚಯವಾಗಿದೆ. "ಫೋಟೋದವರು ಯಾರು ಸರಿ, ಎಷ್ಟು ದುಡ್ಡು ಎತ್ತಿಡಬೇಕು ಹೇಳೇ" ಅಂತ ಚಿಕ್ಕಮ್ಮ ಕೇಳಿದರು. ಹಳೇ ರಸೀದಿ, ಆಲ್ಬಂ ಎಲ್ಲಾ ಹರಡಿಕೊಂಡು ಕೂತೆ.

ಅಕ್ಕನ ಮದುವೆಗೆ ಊರಿನ ಸ್ಟುಡಿಯೋದವರು. ಎರಡು ದಿನದ ಫೋಟೋ, ವಿಡಿಯೋ, 40 ಶೀಟಿನ ಒಂದು ಆಲ್ಬಂ ಸೇರಿ 45,000 ರೂಪಾಯಿ. ಆ ಫೋಟೋಗ್ರಾಫರಿಗೆ ಶಾಸ್ತ್ರಗಳೆಲ್ಲ ಬಾಯಿಪಾಠ. ಅಂತರಪಟ ಸರಿಯುವ ಮೊದಲೇ ಸ್ಟೂಲ್ ಹಾಕಿಕೊಂಡು ನಿಂತಿದ್ದರು. ಜೀರಿಗೆ-ಬೆಲ್ಲ ತಲೆ ಮೇಲೆ ಬೀಳುವುದು, ತಾಳಿಯ ಗಂಟು, ಸಪ್ತಪದಿ, ಒಂದೂ ತಪ್ಪಿಲ್ಲ. ಆರತಕ್ಷತೆಗೆ ಬಂದ ಪ್ರತಿ ಮನೆಯವರನ್ನೂ ಸಾಲಾಗಿ ನಿಲ್ಲಿಸಿ ತೆಗೆದರು. ಆದರೆ ವಿಡಿಯೋ ಲೈಟ್ ಕಣ್ಣಿಗೆ ಹೊಡೆದು ಅಕ್ಕ ಅರ್ಧಕ್ಕರ್ಧ ಫೋಟೋದಲ್ಲಿ ಕಣ್ಣು ಕಿರಿದು ಮಾಡಿದ್ದಾಳೆ. ಮಾತುಮಾತಿಗೂ "ಇಲ್ಲಿ ನೋಡಿ" ಅಂದಿದ್ದಕ್ಕೆ, ಅಪ್ಪ ಧಾರೆ ಎರೆಯುವಾಗಲೂ ಕ್ಯಾಮೆರಾ ಕಡೆ ನೋಡುತ್ತಿದ್ದಾರೆ. ಅದು ನನಗೆ ಇವತ್ತಿಗೂ ಬೇಜಾರು.

ಅದಕ್ಕೇ ನನ್ನ ಮದುವೆಗೆ ಹಟ ಹಿಡಿದು ಬೆಂಗಳೂರಿನ ಕ್ಯಾಂಡಿಡ್ ತಂಡವನ್ನು, ಅಂದರೆ ಪೋಸ್ ಕೊಡಿಸದೆ ನಡೆದದ್ದನ್ನು ನಡೆದ ಹಾಗೇ ತೆಗೆಯುವವರನ್ನು ಕರೆಸಿದೆ. ಹೇಳಿದ ರೇಟು 1,60,000. ಬಿಲ್ ಬಂದಾಗ 18% ಜಿಎಸ್‌ಟಿ ಅಂತ 28,800 ಸೇರಿತು. ಗಾಡಿಗೆ, ರೂಮಿಗೆ 9,000. ಒಟ್ಟು 1,97,800. ಮೊದಲೇ "ಟ್ಯಾಕ್ಸ್ ಸೇರಿ ಎಷ್ಟು?" ಅಂತ ಕೇಳಿದ್ದರೆ ಕೊನೇ ವಾರದಲ್ಲಿ ಅಪ್ಪ ಸಾಲ ಮಾಡುವುದು ತಪ್ಪುತ್ತಿತ್ತು.

ಅವರ ಒಂದು ಫೋಟೋ ಬಗ್ಗೆ ಹೇಳಲೇಬೇಕು. ಧಾರೆಯದು. ಯಾರ ಮುಖವೂ ಇಲ್ಲ, ಬರೀ ಕೈಗಳು. ತೆಂಗಿನಕಾಯಿಯ ಮೇಲಿಂದ ಹಾಲು ನೀರು ಇಳಿದು ತಟ್ಟೆಗೆ ಬೀಳುತ್ತಿದೆ. ಅಪ್ಪನ ಹೆಬ್ಬೆರಳು ನನ್ನ ಮಣಿಕಟ್ಟನ್ನು ಒತ್ತಿ ಹಿಡಿದಿದೆ, ಉಗುರಿನ ತುದಿ ಬೆಳ್ಳಗಾಗುವಷ್ಟು. ಮಂತ್ರ, ಓಲಗದ ಗದ್ದಲದಲ್ಲಿ ನನಗದು ಗೊತ್ತೇ ಆಗಿರಲಿಲ್ಲ. ಆ ಫೋಟೋ ನಮ್ಮ ರೂಮಿನ ಗೋಡೆ ಮೇಲಿದೆ.

ಆದರೆ ಕಾಶಿಯಾತ್ರೆ ಹೊತ್ತಿಗೆ ಅವರೆಲ್ಲ ತಿಂಡಿಗೆ ಕೂತಿದ್ದರು. ಆಮೇಲೆ ಬಂದು, ಛತ್ರಿ ಹಿಡಿದು ಇನ್ನೊಂದು ಸಲ ನಡೆಯಿರಿ ಅಂದರು. ದೊಡ್ಡಪ್ಪನ ಮನೆಯವರು ನಮ್ಮ ಜೊತೆ ನಿಂತ ಒಂದು ಫೋಟೋನೂ ಇಲ್ಲ. "ನಾವು ಬಂದಿದ್ದಕ್ಕೆ ಗುರುತೇ ಇಲ್ವಲ್ಲಮ್ಮ" ಅಂತ ದೊಡ್ಡಮ್ಮ ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಲ್ಬಂ ಕೈಗೆ ಬಂದಿದ್ದು ಎಂಟು ತಿಂಗಳಿಗೆ. ಅದರಲ್ಲಿ ಮೂರು ತಿಂಗಳು ನಮ್ಮದೇ ತಡ. ಸಾವಿರಾರು ಫೋಟೋದಲ್ಲಿ 200 ಆರಿಸಿ ಕೊಡುವುದು ಸುಲಭ ಅಲ್ಲ.

ತಮ್ಮನ ಮದುವೆಗೆ ಎರಡನ್ನೂ ಸೇರಿಸಿದೆವು. ಎರಡೂ ದಿನಕ್ಕೆ ಊರಿನ ಸ್ಟುಡಿಯೋ, ಆಲ್ಬಂ ಸೇರಿ 60,000. ಮುಹೂರ್ತದ ದಿನಕ್ಕೆ ಮಾತ್ರ ಒಬ್ಬ ಕ್ಯಾಂಡಿಡ್ ಫೋಟೋಗ್ರಾಫರ್, 35,000. ಒಟ್ಟು 95,000. ಪ್ರೀ-ವೆಡ್ಡಿಂಗ್ ಶೂಟ್, ಡ್ರೋನ್ ಬೇಡ ಅಂದೆವು. ಮದುವೆಯೆಲ್ಲ ಛತ್ರದ ಒಳಗೇ ನಡೆಯುವಾಗ ಡ್ರೋನ್ ಯಾಕೆ ಬೇಕು? ಮನೆಯ ಅರಿಶಿನ ಶಾಸ್ತ್ರಕ್ಕೆ ತಮ್ಮನ ಗೆಳೆಯನ ಕ್ಯಾಮೆರಾನೇ ಸಾಕಾಯಿತು.

ಇಬ್ಬರು ಬೇರೆ ಬೇರೆ ಕಡೆಯವರು ಬಂದರೆ ಒಬ್ಬರ ಫೋಟೋಗೆ ಇನ್ನೊಬ್ಬರು ಅಡ್ಡ ಬರುತ್ತಾರೆ ಅನ್ನೋ ಭಯ ಇತ್ತು. ಹಿಂದಿನ ದಿನ ಸಂಜೆಯೇ ಇಬ್ಬರನ್ನೂ ಮಂಟಪದ ಹತ್ತಿರ ನಿಲ್ಲಿಸಿ ಮಾತಾಡಿಸಿದೆ. ಸ್ಟುಡಿಯೋದವರು ಮುಂದೆ, ಕ್ಯಾಂಡಿಡ್‌ನವರು ಪುರೋಹಿತರ ಪಕ್ಕಕ್ಕೆ. ಯಾವ ಶಾಸ್ತ್ರ ಎಷ್ಟು ಗಂಟೆಗೆ ಅಂತ ಪುರೋಹಿತರ ಹತ್ತಿರ ಬರೆಸಿಕೊಂಡು ಇಬ್ಬರಿಗೂ ಕೊಟ್ಟೆ. ಜೊತೆಗೆ, ತಪ್ಪದೇ ನಿಲ್ಲಿಸಿ ತೆಗೆಯಬೇಕಾದ ಮನೆಗಳ ಪಟ್ಟಿ. ಮೊದಲ ಹೆಸರು ದೊಡ್ಡಪ್ಪನ ಮನೆಯವರದೇ. ಈ ಸಲ ಫೋಟೋದಲ್ಲಿ ಕಾಶಿಯಾತ್ರೆಯೂ ಬಂತು, ದೊಡ್ಡಮ್ಮನೂ ಬಂದರು.

ಹಾಗಾಗಿ ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟು. ಕೈಯಲ್ಲಿ 60,000ದ ಒಳಗಿದ್ದರೆ ಯೋಚನೆ ಮಾಡದೇ ಊರಿನ ಸ್ಟುಡಿಯೋಗೆ ಹೇಳಿ, ಲೈಟ್ ಮಾತ್ರ ಮುಖಕ್ಕೆ ಹಿಡಿಯಬೇಡಿ ಅನ್ನಿ. ಒಂದು ಲಕ್ಷದ ಹತ್ತಿರ ಇದ್ದರೆ ತಮ್ಮನ ಮದುವೆಯ ದಾರಿ. ಎರಡು ಲಕ್ಷ ಇದ್ದರೂ ನಾನು ಬರೀ ಕ್ಯಾಂಡಿಡ್ ತಂಡವನ್ನು ನಂಬಿಕೊಳ್ಳಲ್ಲ. ಆಷಾಢದಲ್ಲಿ ಮದುವೆ ಇಲ್ಲದೆ ಸ್ಟುಡಿಯೋದವರು ಬಿಡುವಾಗಿರುತ್ತಾರೆ, ಆಗ ಹೋಗಿ ಮಾತಾಡಿದರೆ ಚೌಕಾಸಿಗೂ ಜಾಗ ಇರುತ್ತೆ. ವೈಶಾಖದಲ್ಲಾದರೆ ಒಂದೇ ದಿನ ನಾಲ್ಕು ಮದುವೆ ಒಪ್ಪಿಕೊಂಡು ಹುಡುಗರನ್ನು ಕಳಿಸಿಬಿಡುತ್ತಾರೆ. ಅದಕ್ಕೇ "ಆ ದಿನ ನೀವೇ ಬರ್ತೀರಾ?" ಅಂತ ಕೇಳಿ, ರಸೀದಿ ಮೇಲೆ ಬರೆಸಿಕೊಳ್ಳಿ. ಅಡ್ವಾನ್ಸ್ ಕಾಲು ಭಾಗ, ಮದುವೆ ದಿನ ಅರ್ಧ, ಉಳಿದ ಕಾಲು ಭಾಗ ಆಲ್ಬಂ ಕೈಗೆ ಬಂದ ಮೇಲೆ. ಮದುವೆ ಆದ ವಾರದಲ್ಲೇ ಎಲ್ಲಾ ಫೋಟೋಗಳನ್ನೂ ಎರಡು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ಒಂದು ನಿಮ್ಮ ಬೀರುವಿನಲ್ಲಿರಲಿ, ಇನ್ನೊಂದು ಮಗಳ ಜೊತೆ ಹೋಗಲಿ.