ಮೊದಲು ಶ್ರುತಿ ನಿಲ್ಲಲಿ: ಕಡಿಮೆ ಬಜೆಟ್ಟಿನ ನಾಲ್ಕು ಎಲೆಕ್ಟ್ರಿಕ್ ಗಿಟಾರ್‌ಗಳು, ನನ್ನ ಕೈಯಲ್ಲಿ ಕಂಡಂತೆ

20 ಸಾವಿರದ ಆಸುಪಾಸಿನಲ್ಲಿ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕು, ರಾಕ್ ನುಡಿಸಬೇಕು ಅನ್ನುವವರು ಯಮಹಾ ಪೆಸಿಫಿಕಾ 012 ತೆಗೆದುಕೊಳ್ಳಿ. ನನ್ನ ತೀರ್ಮಾನ ಇಷ್ಟೇ. ಅಲ್ಲಿಗೆ ನಾನು ಹೇಗೆ ಬಂದೆ, ಮಧ್ಯೆ ಎಷ್ಟು ದುಡ್ಡು, ಎಷ್ಟು ತಿಂಗಳು ಹೋಯಿತು ಅನ್ನುವುದನ್ನು ಮಾತ್ರ ವಿವರವಾಗಿ ಬರೆಯುತ್ತೇನೆ. ನನ್ನ ಹಾಗೆ ಇನ್ನೊಬ್ಬರು ಸಿಕ್ಕಿಕೊಳ್ಳಬಾರದು.

2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಡಿಗ್ರಿ ಓದುತ್ತಿದ್ದೆ. ಹಾಸನದಿಂದ ಬಸ್ಸು ಹತ್ತಿ ಹೋಗಿ, ದೂಳಿನಲ್ಲಿ ನಿಂತು ಮೂರು ಗಿಟಾರ್ ಒಟ್ಟಿಗೆ ಮೊಳಗುವುದನ್ನು ಕೇಳಿದವನು. ಆವತ್ತು ಹುಟ್ಟಿದ ಆಸೆ ಕೆಲಸ, ಮದುವೆ, ಮನೆ ಸಾಲ ಎಲ್ಲದರ ಹಿಂದೆ ಸರಿದು ಕೂತಿತ್ತು. ಸಾಲದ ಕೊನೆಯ ಕಂತು ಕಟ್ಟಿದ ತಿಂಗಳು ಗಿಟಾರ್ ತರಿಸಿದೆ. ಆನ್‌ಲೈನಿನಲ್ಲಿ, ಚಿತ್ರ ನೋಡಿ, 16,500 ರೂಪಾಯಿಗೆ.

ಕಪ್ಪು ಬಣ್ಣ, ಚೂಪು ಕೊಂಬು, ಫ್ಲೋಟಿಂಗ್ ಬ್ರಿಡ್ಜ್. ಮೇಡನ್ ಅಭಿಮಾನಿಗೆ ಇನ್ನೇನು ಬೇಕು ಅನ್ನಿಸಿತ್ತು. ಕಂಪನಿಯ ಹೆಸರು ಹೇಳುವುದಿಲ್ಲ. ಈ ಬೆಲೆಗೆ ಈ ಬಗೆಯ ಬ್ರಿಡ್ಜ್ ಕೂರಿಸಿದರೆ ಯಾರು ಮಾಡಿದರೂ ಇದೇ ಕಷ್ಟ ಬರುವ ಸಾಧ್ಯತೆ ಹೆಚ್ಚು.

ಗಿಟಾರಿನ ಮೈಮೇಲೆ ತಂತಿಗಳು ಕೂರುವ ಲೋಹದ ಭಾಗವೇ ಬ್ರಿಡ್ಜ್. ಫ್ಲೋಟಿಂಗ್ ಬ್ರಿಡ್ಜ್ ಅಂದರೇನು ಅಂತ ಕೊಳ್ಳುವಾಗ ನನಗೆ ಗೊತ್ತಿರಲಿಲ್ಲ. ಫ್ಲಾಯ್ಡ್ ರೋಸ್ ಎಂಬ ಅಮೆರಿಕದ ಗಿಟಾರ್ ವಾದಕ 1970ರ ದಶಕದ ಕೊನೆಯಲ್ಲಿ ರೂಪಿಸಿದ ವ್ಯವಸ್ಥೆ ಇದು. ತಂತಿಗಳನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಬೀಗ ಹಾಕಿದ ಹಾಗೆ ಹಿಡಿದಿಡುತ್ತಾರೆ. ಬ್ರಿಡ್ಜ್ ಮಾತ್ರ ಎರಡು ಮೊಳೆಯಂಥ ಕಂಬಗಳ ಮೇಲೆ, ಚಾಕುವಿನ ಅಲಗಿನಂಥ ಅಂಚಿನಲ್ಲಿ ನಿಂತಿರುತ್ತದೆ. ಒಂದು ಕಡೆಯಿಂದ ಆರು ತಂತಿಗಳು ಎಳೆಯುತ್ತವೆ, ತೆಳು ತಂತಿ ಹಾಕಿದರೂ ಒಟ್ಟು ಎಳೆತ ಹೆಚ್ಚುಕಡಿಮೆ 40 ಕಿಲೋ. ಇನ್ನೊಂದು ಕಡೆಯಿಂದ ಗಿಟಾರಿನ ಬೆನ್ನಲ್ಲಿ ಅಡಗಿರುವ ಸ್ಪ್ರಿಂಗ್‌ಗಳು ಎಳೆಯುತ್ತವೆ. ಎರಡೂ ಸಮ ಇದ್ದರೆ ಬ್ರಿಡ್ಜ್ ಸಮ. ಒಳ್ಳೆಯ ಉಕ್ಕಿನಲ್ಲಿ ಮಾಡಿದಾಗ ಇದು ಅದ್ಭುತ. ಬ್ರಿಡ್ಜಿಗೆ ಸಿಕ್ಕಿಸಿ ಅದನ್ನು ಅಲುಗಿಸುವ ಕಡ್ಡಿ, ಅಂದರೆ ವ್ಯಾಮಿ ಬಾರ್ ಹಿಡಿದು ತಂತಿಗಳೆಲ್ಲ ಜೋತುಬೀಳುವಷ್ಟು ತಗ್ಗಿಸಿ ಬಿಟ್ಟರೂ ಶ್ರುತಿ ಇದ್ದಲ್ಲಿಗೇ ವಾಪಸ್ ಬರುತ್ತದೆ.

ನನ್ನದರಲ್ಲಿ ಬರಲಿಲ್ಲ.

ಮೊದಲ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಟ್ಯೂನ್ ಮಾಡಲು ಕೂತೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಇ ಸ್ವರಕ್ಕೆ ತಂದೆ. ಎ ತಂತಿ ಬಿಗಿ ಮಾಡಿದೆ. ಡಿ ಮುಗಿಸಿ ಮತ್ತೆ ಇ ನೋಡಿದರೆ ಅದು ಇಳಿದಿದೆ. ಸರಿ ಅಂತ ಅದನ್ನು ಏರಿಸಿದೆ, ಈಗ ಎ ಇಳಿಯಿತು. ಒಂದು ತಂತಿ ಬಿಗಿಯಾದಾಗ ಬ್ರಿಡ್ಜ್ ಕೂದಲೆಳೆಯಷ್ಟು ಮುಂದಕ್ಕೆ ಬಾಗುತ್ತದೆ, ಉಳಿದ ಐದೂ ಸಡಿಲವಾಗುತ್ತವೆ. ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ಸಂಜೆ ಐದೂವರೆ ಹೊತ್ತಿಗೆ ಆರೂ ತಂತಿ ಸೇರಿದವು. ಉಸಿರು ಬಿಗಿಹಿಡಿದು ಅಲೆನ್ ಕೀಯಲ್ಲಿ ನಟ್‌ನ, ಅಂದರೆ ತಲೆಯ ಕಡೆ ತಂತಿಗಳು ಹಾಯುವ ಪಟ್ಟಿಯ, ಮೂರು ಬೀಗ ತಿರುಗಿಸಿದೆ. ಬೀಗ ಬಿಗಿಯಾಗುವ ಒತ್ತಡಕ್ಕೇ ಎಲ್ಲ ತಂತಿಗಳೂ ಸ್ವಲ್ಪ ಏರಿಬಿಟ್ಟವು.

ಇದು ಒಂದು ದಿನದ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. ವ್ಯಾಮಿ ಬಾರ್ ಒಮ್ಮೆ ಒತ್ತಿದರೆ ಬ್ರಿಡ್ಜ್ ಹಳೆಯ ಜಾಗಕ್ಕೆ ಬರುತ್ತಿರಲಿಲ್ಲ. ಒಂದು ತಂತಿಯನ್ನು ಬೆರಳಿನಲ್ಲಿ ಪಕ್ಕಕ್ಕೆ ತಳ್ಳಿ ಬೆಂಡ್ ಮಾಡಿದರೆ ಪಕ್ಕದ ತಂತಿಯ ಸ್ವರ ತಗ್ಗುತ್ತಿತ್ತು. ಒಂದು ತಂತಿ ಕಿತ್ತುಹೋದರೆ ಇಡೀ ಗಿಟಾರ್ ಹೋದ ಹಾಗೆ. ರಾಕ್ ಕಲಿಯುವವರಿಗೆ ಬೇಗನೇ ಬೇಕಾಗುವುದು ಡ್ರಾಪ್ ಡಿ, ಅಂದರೆ ದಪ್ಪ ತಂತಿಯನ್ನು ಇ ಯಿಂದ ಡಿ ಗೆ ಇಳಿಸುವುದು. ಬೇರೆ ಗಿಟಾರಿನಲ್ಲಿ ಶ್ರುತಿ ಮಾಡುವ ಒಂದು ಕಿವಿ ತಿರುಗಿಸಿದರೆ ಆಯಿತು, ಹತ್ತು ಸೆಕೆಂಡಿನ ಕೆಲಸ. ಇದರಲ್ಲಿ ಬೀಗ ಬಿಚ್ಚಬೇಕು, ಇಳಿಸಬೇಕು, ಉಳಿದ ಐದನ್ನೂ ಮತ್ತೆ ಕೂರಿಸಬೇಕು, ಮತ್ತೆ ಬೀಗ.

ನಮ್ಮ ಮನೆಯಲ್ಲಿ ದೊಡ್ಡಮ್ಮ ಇದ್ದಾರೆ. ಬೆರಳು ಓಡುವಷ್ಟು ಕಾಲ ವೀಣೆ ನುಡಿಸಿದವರು. ಶ್ರುತಿ ಸೇರುವ ತನಕ ಒಂದು ಸ್ವರವನ್ನೂ ಮೀಟದವರು. ನಾನು ಡಿಸ್ಟಾರ್ಷನ್ ಹಾಕಿ, ಅಂದರೆ ಸದ್ದನ್ನು ಒರಟು ಮಾಡಿ, ಪವರ್ ಕಾರ್ಡ್ ಹಿಡಿದಾಗ ಅವರು ಒಮ್ಮೆಯೂ ಗದ್ದಲ ಅನ್ನಲಿಲ್ಲ. ಒಳಮನೆಯಿಂದ ಕೇಳುತ್ತಿದ್ದುದು ಒಂದೇ: “ಶ್ರುತೀನೇ ಸೇರಿಲ್ವಲ್ಲೋ ಮಗಾ, ಸ್ವಲ್ಪ ನೋಡ್ಕೊಳೋ.” ನಾನು ತಪ್ಪು ನನ್ನ ಬೆರಳಿನದೇ ಅಂದುಕೊಂಡು ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದೆ. ಗಟ್ಟಿಯಾಗಿ ಒತ್ತಿದರೆ ಸ್ವರ ಇನ್ನೂ ಮೇಲೇರುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಹೊಸದಾಗಿ ಕಲಿಯುವವರಿಗೆ ತಪ್ಪು ಕೈಯದೋ ವಾದ್ಯದ್ದೋ ತಿಳಿಯುವುದಿಲ್ಲ. ಮೂರು ತಿಂಗಳು ನಾನು ಅಪಸ್ವರಕ್ಕೆ ಕಿವಿ ಒಗ್ಗಿಸಿಕೊಂಡೆ. ಈ ಗಿಟಾರಿನ ಮೇಲೆ ನನಗಿರುವ ದೊಡ್ಡ ಸಿಟ್ಟು ಅದೇ.

ಕೊನೆಗೆ ಅದನ್ನು ಹೊತ್ತುಕೊಂಡು ಬೆಂಗಳೂರಿಗೆ ಹೋದೆ. ಗಿಟಾರ್ ರಿಪೇರಿ ಮಾಡುವವರು ಬ್ರಿಡ್ಜ್ ಕಳಚಿ, ಅಲಗಿನ ಅಂಚನ್ನು ಬೆಳಕಿಗೆ ಹಿಡಿದು ತೋರಿಸಿದರು. ಚೂಪಾಗಿರಬೇಕಾದ ಅಂಚಿನಲ್ಲಿ ಉಗುರು ಸಿಕ್ಕುವಷ್ಟು ಗುಂಡಿ ಬಿದ್ದಿತ್ತು. ಮೆದು ಲೋಹ, ಮೂರೇ ತಿಂಗಳಿಗೆ ಸವೆದಿದೆ.

“ಸಾರ್, ದಿನಾ ಎಷ್ಟೊತ್ತು ನುಡಿಸ್ತೀರಾ?”

“ಬ್ಯಾಂಕಿಂದ ಬಂದ ಮೇಲೆ ಮುಕ್ಕಾಲು ಗಂಟೆ.”

“ಹಂಗಾದ್ರೆ ಇದು ನಿಮಗೆ ಬೇಡ ಸಾರ್. ಅರ್ಧ ಗಂಟೆ ಇದಕ್ಕೇ ಹೋಗುತ್ತೆ, ನಿಮಗೆ ಉಳಿಯೋದು ಕಾಲು ಗಂಟೆ.”

ಬ್ರಿಡ್ಜಿನ ಹಿಂದೆ ಮರದ ತುಂಡು ಇಟ್ಟು ಅಲುಗಾಡದಂತೆ ಮಾಡಬಹುದು ಅಂದರು. ಅಳತೆ ಬರೆಸಿಕೊಂಡು ಬಂದೆ. ನಮ್ಮ ಬೀದಿಯ ಬಡಗಿ ತೇಗದ ಚೂರೊಂದನ್ನು ಉಜ್ಜಿ ಉಜ್ಜಿ ಕೂರಿಸಿಕೊಟ್ಟರು. ಅಲ್ಲಿಂದ ಅದು ಪರವಾಗಿಲ್ಲ. ಆದರೆ ನುಡಿಸಲು ಮನಸ್ಸು ಬರಲಿಲ್ಲ, ಇನ್ನೊಂದು ಹುಡುಕಲು ಶುರು ಮಾಡಿದೆ. ಈ ಸಲ ಚಿತ್ರ ನೋಡಿ ಅಲ್ಲ. ಗೆಳೆಯರಿಂದ ಎರಡು ಗಿಟಾರ್ ಕೇಳಿ ತಂದು ಮನೆಯಲ್ಲೇ ಇಟ್ಟುಕೊಂಡು ನುಡಿಸಿದೆ, ಮೂರನೆಯದನ್ನು ಅಂಗಡಿಯಲ್ಲಿ ಕೂತು ನೋಡಿದೆ.

ಸಹೋದ್ಯೋಗಿಯೊಬ್ಬರ ಸ್ಕ್ವಯರ್ ಸಾನಿಕ್ ಸ್ಟ್ರ್ಯಾಟೊಕಾಸ್ಟರ್ ಮೂರು ವಾರ ನನ್ನ ಬಳಿ ಇತ್ತು. ಸ್ಕ್ವಯರ್ ಫೆಂಡರ್ ಕಂಪನಿಯದ್ದೇ ಕಡಿಮೆ ಬೆಲೆಯ ಹೆಸರು. 1982ರಿಂದ ಆ ಹೆಸರಿನಲ್ಲಿ ಗಿಟಾರ್ ಬರುತ್ತಿವೆ. ಕೈಗೆ ಬಹಳ ಹಗುರ, ನೆಕ್ ತೆಳು, ತೊಡೆಯ ಮೇಲೆ ತಾನಾಗಿ ಕೂರುತ್ತದೆ. ಕ್ಲೀನ್ ಸ್ವರ, ಅಂದರೆ ಡಿಸ್ಟಾರ್ಷನ್ ಇಲ್ಲದ್ದು, ಘಂಟೆ ಹೊಡೆದ ಹಾಗೆ. ಬ್ಲೂಸ್, ಹಳೆಯ ರಾಕ್, ಫಂಕ್ ಕಡೆ ಒಲವಿದ್ದವರು ಕಣ್ಣು ಮುಚ್ಚಿ ಇದನ್ನು ತೆಗೆದುಕೊಳ್ಳಬಹುದು. ನನಗೆ ಅಡ್ಡ ಬಂದದ್ದು ಸಿಂಗಲ್ ಕಾಯಿಲ್ ಪಿಕಪ್. ತಂತಿಯ ಕಂಪನವನ್ನು ಹಿಡಿದು ಆ್ಯಂಪಿಗೆ ಕಳಿಸುವ ಭಾಗವೇ ಪಿಕಪ್. ಅದರ ಸ್ವಭಾವವೇ ಹಾಗೆ: ಒಂದೇ ಸುರುಳಿ ಇರುವುದರಿಂದ ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್ ಸದ್ದನ್ನೂ ಹಿಡಿದುಕೊಳ್ಳುತ್ತದೆ. ನಮ್ಮದು ಹಳೆಯ ಮನೆ, ಹಳೆಯ ಟ್ಯೂಬ್‌ಲೈಟ್ ಚೋಕ್. ಡಿಸ್ಟಾರ್ಷನ್ ಏರಿಸಿದ ಕೂಡಲೇ ಜೇನುಗೂಡು. ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿ ಕೂತರೆ ಕಡಿಮೆಯಾಗುತ್ತಿತ್ತು. ಸಾನಿಕ್‌ನಲ್ಲೇ ಒಂದು ಹಂಬಕರ್, ಅಂದರೆ ಈ ಗುಂಯ್ ತಡೆಯುವ ಎರಡು ಸುರುಳಿಯ ಪಿಕಪ್, ಇರುವ ಮಾದರಿಯೂ ಬರುತ್ತದೆ. ಅದು ಸಿಕ್ಕಿದ್ದರೆ ನನ್ನ ತೀರ್ಮಾನ ಇನ್ನಷ್ಟು ಕಷ್ಟವಾಗುತ್ತಿತ್ತು.

ಸದ್ದಿನ ಮಾತು ಬಂದದ್ದಕ್ಕೆ ಇನ್ನೊಂದು ಹೇಳಲೇಬೇಕು. ತಂತಿ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಸಾಮಾನ್ಯವಾಗಿ ಅದು ಸರಿಯಾದ ಲಕ್ಷಣವೇ. ಆದರೆ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ. ಮೂರು ಪಿನ್ನಿನ ಆ್ಯಂಪ್ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಮನೆಮನೆಯಲ್ಲೂ ಇದೆ, ಅದರಿಂದ ಅರ್ತಿಂಗೇ ತಪ್ಪಿಹೋಗುತ್ತದೆ. ಗಿಟಾರ್ ತಂತಿ ನೇರ ಆ್ಯಂಪಿನ ಅರ್ತ್‌ಗೆ ಸೇರಿರುತ್ತದೆ, ನಿಮ್ಮ ಕೈ ಸದಾ ಆ ತಂತಿಯ ಮೇಲೆ.

ಎಪಿಫೋನ್ ಲೆಸ್ ಪಾಲ್ ಸ್ಪೆಷಲ್ II ಮೈಸೂರಿನ ಗೆಳೆಯನದ್ದು. ಎರಡು ದಪ್ಪ ಹಂಬಕರ್, ಅಲುಗಾಡದ ಬ್ರಿಡ್ಜ್. ಡ್ರಾಪ್ ಡಿ ಮಾಡಿ, ಅಂಗೈ ಅಂಚನ್ನು ತಂತಿಗೆ ತಾಗಿಸಿ ಪಾಮ್ ಮ್ಯೂಟ್ ನುಡಿಸಿದರೆ ಎದೆಗೆ ಬಂದು ತಾಗುತ್ತದೆ. ಮೆಟಲ್ ಒಂದನ್ನೇ ನುಡಿಸುವವರಾದರೆ ಇದನ್ನೇ ಆರಿಸಿ ಅನ್ನುತ್ತೇನೆ. ಇದರಲ್ಲಿ ನಟ್‌ನಿಂದ ಬ್ರಿಡ್ಜಿನವರೆಗೆ ತಂತಿಯ ಉದ್ದ 24.75 ಇಂಚು, ಸ್ಟ್ರ್ಯಾಟ್ ಮತ್ತು ಪೆಸಿಫಿಕಾದ್ದು 25.5. ಮುಕ್ಕಾಲು ಇಂಚು ಏನು ಮಹಾ ಅನ್ನಬಹುದು. ಬೆಂಡ್ ಮಾಡುವಾಗ ಬೆರಳಿಗೆ ಗೊತ್ತಾಗುತ್ತದೆ, ತಂತಿ ಮೆತ್ತಗೆ ಬಗ್ಗುತ್ತದೆ. ನನಗೆ ಹೊಂದದೆ ಹೋದದ್ದು ಇದರ ಕ್ಲೀನ್ ಸ್ವರ. ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಹಾಕಿಕೊಂಡು ನುಡಿಸುವವನು ನಾನು, ಅರ್ಧ ಹೊತ್ತು ಡಿಸ್ಟಾರ್ಷನ್ ಇಲ್ಲದೆ ಬಿಡಿಬಿಡಿಯಾಗಿ ಮೀಟುತ್ತಿರುತ್ತೇನೆ. ಆಗ ಈ ಸ್ವರ ನನ್ನ ಕಿವಿಗೆ ಕಂಬಳಿ ಹೊದ್ದ ಹಾಗಿತ್ತು. ತಲೆಯ ಭಾಗ ಹಿಂದಕ್ಕೆ ಬಾಗಿರುವುದರಿಂದ ಮಕ್ಕಳಿರುವ ಮನೆಯಲ್ಲಿ ಗೋಡೆಗೆ ಒರಗಿಸಿ ಇಡಬೇಡಿ, ಬಿದ್ದರೆ ಪೆಟ್ಟು ಅಲ್ಲಿಗೇ.

ಇನ್ನು ಪೆಸಿಫಿಕಾ. 1990ರಲ್ಲಿ ಯಮಹಾ ಶುರು ಮಾಡಿದ ಸಾಲು ಇದು, 012 ಅದರಲ್ಲಿ ಕೆಳಗಿನ ಮೆಟ್ಟಿಲು. ನೋಡಲು ಏನೂ ವಿಶೇಷವಿಲ್ಲ. ಅಂಗಡಿಯಲ್ಲಿ ಮೂಲೆಯಲ್ಲಿತ್ತು. ಇಸಿದುಕೊಂಡು, ಟ್ಯೂನ್ ಮಾಡಿ, ಮೊದಲು ಹನ್ನೆರಡನೇ ಫ್ರೆಟ್ಟಿನ (ನೆಕ್ಕಿಗೆ ಅಡ್ಡ ಕೂರಿಸಿದ ಲೋಹದ ಗೆರೆ) ಮೇಲೆ ಬೆರಳು ಬರಿದೇ ತಾಗಿಸಿ ಸ್ವರ ಕೇಳಿದೆ, ಆಮೇಲೆ ಅಲ್ಲೇ ಒತ್ತಿ ಕೇಳಿದೆ. ಎರಡೂ ಒಂದೇ, ಅಂದರೆ ಒತ್ತಿದಾಗಲೂ ಶ್ರುತಿ ಸರಿ. ನೆಕ್ಕಿನ ಅಂಚಿನುದ್ದಕ್ಕೂ ಅಂಗೈ ಎಳೆದೆ, ಫ್ರೆಟ್ ತುದಿ ಎಲ್ಲೂ ಚುಚ್ಚಲಿಲ್ಲ. ಮೇಲಿನ ಫ್ರೆಟ್ಟುಗಳಲ್ಲಿ ಜೋರಾಗಿ ಬೆಂಡ್ ಮಾಡಿದೆ, ಸ್ವರ ಎಲ್ಲೂ ಸಾಯಲಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಟ್ಯೂನರ್ ಸಿಕ್ಕಿಸಿ ನೋಡಿದೆ. ಆರೂ ಇಟ್ಟಲ್ಲೇ ಇದ್ದವು. ಟ್ಯೂನರಿನ ಹಸಿರು ದೀಪ ಆರು ಬಾರಿ ಸಾಲಾಗಿ ಹತ್ತಿದ್ದು ಕಂಡೆ. ದುಡ್ಡು ಕೊಟ್ಟು ಎದ್ದೆ.

ಪಿಕಪ್ ಜೋಡಣೆ ನನ್ನ ಅಭ್ಯಾಸಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿದೆ. ಬ್ರಿಡ್ಜ್ ಬಳಿ ಒಂದು ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ಹಂಬಕರ್‌ನಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿರುತ್ತಾರೆ. ವೈರಿಂಗ್‌ನ ಗುಂಯ್ ಸದ್ದು ಎರಡರಲ್ಲೂ ಹುಟ್ಟಿ ಪರಸ್ಪರ ವಜಾ ಆಗುತ್ತದೆ, ತಂತಿಯ ಸದ್ದು ಮಾತ್ರ ಕೂಡಿ ದಪ್ಪವಾಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಮಾಡಿದ ಉಪಾಯ, ಇವತ್ತಿಗೂ ಅದೇ ನಡೆಯುತ್ತಿದೆ. ರಿಫ್ ನುಡಿಸುವಾಗ ಹಂಬಕರ್, ಮೆಲ್ಲಗೆ ಮೀಟುವಾಗ ನೆಕ್ ಕಡೆಯ ಪಿಕಪ್. ಸ್ವಿಚ್ಚನ್ನು ಈ ತುದಿಯಿಂದ ಆ ತುದಿಗೆ ತಳ್ಳಿದರೆ ಗಿಟಾರೇ ಬದಲಾದ ಹಾಗೆ. ಅಪ್ಪಟ ಮೆಟಲ್‌ಗೆ ಎಪಿಫೋನ್ ಇದಕ್ಕಿಂತ ದಪ್ಪ, ಒಪ್ಪುತ್ತೇನೆ.

ಇದರಲ್ಲೂ ವ್ಯಾಮಿ ಬಾರ್ ಇದೆ, ಆದರೆ ಹಳೆಯ ಬಗೆಯದ್ದು, ಬೀಗಗೀಗ ಇಲ್ಲ. ಮನೆಗೆ ತಂದ ದಿನವೇ ಬೆನ್ನಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ, ಬ್ರಿಡ್ಜ್ ಮರಕ್ಕೆ ಒರಗಿ ಕೂರುವಂತೆ ಮಾಡಿದೆ. ಈಗ ಡ್ರಾಪ್ ಡಿ ಗೆ ಒಂದೇ ಕಿವಿ ತಿರುಗಿಸಿದರೆ ಸಾಕು. ಬಾರ್ ಕಳಚಿ ಡ್ರಾಯರಿನಲ್ಲಿಟ್ಟಿದ್ದೇನೆ.

ಇನ್ನೂ ಹತ್ತು ಹನ್ನೆರಡು ಸಾವಿರ ಹಾಕಬಲ್ಲವರು 112ವಿ ನೋಡಿ. ಆಲ್ಡರ್ ಮರ, ಟೋನ್ ಗುಂಡಿ ಎಳೆದರೆ ಹಂಬಕರ್ ಒಂದೇ ಸುರುಳಿಯಾಗುತ್ತದೆ. ನನ್ನ ಕೈಗೆ ಅದು ಎಟುಕಲಿಲ್ಲ.

ಪೂರ್ತಿ ದುಡ್ಡನ್ನು ಗಿಟಾರಿಗೇ ಸುರಿಯಬೇಡಿ. ಒಂದು ಸೆಟಪ್ (ರಿಪೇರಿಯವರ ಕೈಯಲ್ಲಿ ಗಿಟಾರ್ ಹದ ಮಾಡಿಸುವುದು), ಕ್ಲಿಪ್ ಟ್ಯೂನರ್, ಕೇಬಲ್, ಬೆಲ್ಟ್, ಹೆಡ್‌ಫೋನ್ ಸಿಕ್ಕಿಸಬಹುದಾದ 10 ವಾಟ್‌ನ ಆ್ಯಂಪ್, ಎರಡು ಸೆಟ್ ತಂತಿ ಇಷ್ಟಕ್ಕೆ ಎತ್ತಿಟ್ಟು ಉಳಿದದ್ದರಲ್ಲಿ ಗಿಟಾರ್ ಹುಡುಕಿ. ತಂತಿ 9ರಿಂದ 42ರ ಸೆಟ್ ಸಾಕು, ಇದು ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಗಳ ದಪ್ಪ. ಮಂಗಳೂರು, ಉಡುಪಿ ಕಡೆಯವರು ನುಡಿಸಿದ ಮೇಲೆ ಪ್ರತಿ ಸಲ ಒಣ ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಬೇಗ ತುಕ್ಕು.

ಅಕ್ಕನ ಮಗ ಪಿಯುಸಿ ಮುಗಿಸಿದ್ದಾನೆ, ಅವನಿಗೂ ಗಿಟಾರ್ ಬೇಕಂತೆ. ಮೊನ್ನೆ ಫೋನಿನಲ್ಲಿ ಒಂದು ಚಿತ್ರ ಕಳಿಸಿದ್ದ. ಕಪ್ಪು ಬಣ್ಣ, ಚೂಪು ಕೊಂಬು, ಬೀಗದ ಬ್ರಿಡ್ಜ್. “ಮಾಮಾ, ಇದು ಹೆಂಗಿದೆ?” ಆರ್ಡರ್ ಮಾಡಬೇಡ, ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬೆಂಗಳೂರಿಗೆ ಹೋಗೋಣ ಅಂದಿದ್ದೇನೆ. ಟ್ಯೂನರ್ ಈಗಲೇ ಬ್ಯಾಗಿನಲ್ಲಿದೆ.