ಶೆಡ್ಯೂಲ್ ತಂತ್ರಾಂಶ: ಪಟ್ಟಿ ಚೆಂದ, ಒತ್ತಕ್ಷರ ಚಿಂದಿ

ಸಿನಿಮಾದ ಯಾವ ದೃಶ್ಯವನ್ನು ಯಾವ ದಿನ ಚಿತ್ರೀಕರಿಸಬೇಕು ಎಂದು ಯೋಜಿಸುವ ತಂತ್ರಾಂಶವೊಂದನ್ನು ಬಳಸುತ್ತಿದ್ದೇನೆ. ‘ಕೃಷ್ಣಪ್ಪನ ಮನೆ, ಜಗಲಿ, ಹಗಲು’ ಎಂದು ಅದರ ಪರದೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಪಿಡಿಎಫ್ ಮಾಡಿದೊಡನೆ ಒತ್ತುಗಳು ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಬೆಳಗಿನ ಕಾಲ್‌ಶೀಟನ್ನು (ಆ ದಿನ ಯಾರು, ಎಷ್ಟೊತ್ತಿಗೆ, ಎಲ್ಲಿಗೆ ಬರಬೇಕು ಎಂಬ ಹಾಳೆಯನ್ನು) ನಿಜಕ್ಕೂ ಓದುವವರು ಲೈಟ್ ಹುಡುಗರು, ಕಲಾ ವಿಭಾಗದವರು, ಯೂನಿಟ್ ವಾಹನದ ಚಾಲಕರು. ಅವರ ಕೈಗೆ ಈ ಒಗಟನ್ನು ಕೊಡುವುದು ಹೇಗೆ? ಗ್ರಾಹಕ ಸೇವೆಗೆ ಬರೆದರೆ ‘ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ’ ಎಂಬ ಉತ್ತರ. ತಿಂಗಳ ಚಂದಾ ಕಟ್ಟಿ ಕೇಳಬೇಕಾದ ಮಾತೇ ಇದು? ತಂತ್ರಾಂಶದ ಹೆಸರು ಬೇಡ. ಸಹ ನಿರ್ದೇಶಕರಿಗೆ ಗೊತ್ತಾಗುತ್ತದೆ.

ಚಿತ್ರಕಥೆ ಒಳಗೆ ಹೋಗುವುದೇ ಒಂದು ಸಾಹಸ. ನಮ್ಮ ಸಂಭಾಷಣೆಕಾರರು ಇನ್ನೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಬರೆಯುತ್ತಾರೆ. ಅದನ್ನು ಯೂನಿಕೋಡ್‌ಗೆ ತಿರುಗಿಸದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಇನ್ನು ಪುಟವನ್ನು ಎಂಟು ಪಾಲು ಮಾಡಿ ದೃಶ್ಯ ಅಳೆಯುವ ಹಾಲಿವುಡ್ ಲೆಕ್ಕ. ಪುಟಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಎಂಬ ಅಂದಾಜು 12 ಪಾಯಿಂಟಿನ ಕೊರಿಯರ್ ಅಕ್ಷರವನ್ನು ನಂಬಿಕೊಂಡದ್ದು. ನಮ್ಮಲ್ಲಿ ‘ಇಲ್ಲಿ ಹಾಡು’ ಎಂದು ಒಂದೇ ಸಾಲು ಇರುತ್ತದೆ. ತಂತ್ರಾಂಶದ ಕಣ್ಣಿಗೆ ಅದು ಪುಟದ ಎಂಟನೆಯ ಒಂದು ಪಾಲು. ನೃತ್ಯ ನಿರ್ದೇಶಕರಿಗೆ ನಾಲ್ಕು ದಿನ. ‘ಇಲ್ಲಿ ಫೈಟ್’ ಎಂಬ ಸಾಲಿನ ಗತಿಯೂ ಇದೇ. ಇವುಗಳ ಅವಧಿಯನ್ನು ನಾನು ಕೈಯಾರೆ ತುಂಬುತ್ತೇನೆ.

ಇಷ್ಟು ಬೈದರೂ ಬಿಡಲಾಗಿಲ್ಲ. ಪ್ಯಾಕಪ್ ಆಗಿ ಲಾಡ್ಜ್ ಸೇರಿ, ಸ್ನಾನ ಮುಗಿಸಿ, ಫ್ಲಾಸ್ಕಿನಲ್ಲಿ ಉಳಿದ ಕಾಫಿ ಬಗ್ಗಿಸಿಕೊಂಡು ಲ್ಯಾಪ್‌ಟಾಪ್ ತೆರೆಯುವ ಆ ಹೊತ್ತು ನನಗೆ ಇಷ್ಟ. ಪರದೆಯಲ್ಲಿ ಒಂದೊಂದು ದೃಶ್ಯಕ್ಕೂ ಒಂದು ಬಣ್ಣದ ಪಟ್ಟಿ: ಒಳಾಂಗಣ ಹಗಲು ಬಿಳಿ, ಹೊರಾಂಗಣ ಹಗಲು ಹಳದಿ, ಒಳಾಂಗಣ ರಾತ್ರಿ ನೀಲಿ, ಹೊರಾಂಗಣ ರಾತ್ರಿ ಹಸಿರು. ಮುಗಿದ ದೃಶ್ಯಗಳಿಗೆ ಗುರುತು ಹಾಕಿ, ಉಳಿದುದನ್ನು ಎಳೆದು ಮರುದಿನಕ್ಕೆ ಕೂರಿಸುತ್ತೇನೆ. ಸಕಲೇಶಪುರದಲ್ಲಿ ಮಳೆ ಹಿಡಿದಾಗ ಹಳದಿ ಪಟ್ಟಿಗಳನ್ನು ಸಾರಾಸಗಟಾಗಿ ಕೆಳಗೆ ತಳ್ಳಿ ಬಿಳಿಯವನ್ನು ಮೇಲೆ ತಂದೆ. ಯಾವ ಕಲಾವಿದರನ್ನು ಬೆಂಗಳೂರಿನಿಂದ ಬೇಗ ಕರೆಸಬೇಕು ಎಂಬುದು ಕಾಫಿ ಆರುವ ಮೊದಲೇ ತಿಳಿಯಿತು. ಎಕ್ಸೆಲ್‌ನಲ್ಲಾಗಿದ್ದರೆ ಆ ರಾತ್ರಿ ನಿದ್ದೆಯ ಮಾತೇ ಇರಲಿಲ್ಲ.

ಅದಕ್ಕಿಂತ ಹೆಚ್ಚಾಗಿ, ಪ್ರತಿ ಕಲಾವಿದರ ದಿನಗಳನ್ನು ಒಂದೇ ಹಾಳೆಯಲ್ಲಿ ತೋರಿಸುವ ಕೋಷ್ಟಕ. ಕೆಲಸದ ದಿನಕ್ಕೆ ಡಬ್ಲ್ಯೂ, ಸುಮ್ಮನೆ ಕಾಯುವ ದಿನಕ್ಕೆ ಹೆಚ್. ಪೋಷಕ ನಟರೊಬ್ಬರ ಸಾಲಿನಲ್ಲಿ ಬರೀ ಹೆಚ್‌ಗಳೇ ಕಂಡಾಗ ನಿರ್ಮಾಪಕರು ಬೇಟಾ (ದಿನಭತ್ಯೆ), ಲಾಡ್ಜ್ ಖರ್ಚು ಲೆಕ್ಕ ಹಾಕಿ, ‘ಇವರ ದೃಶ್ಯಗಳನ್ನು ಒಟ್ಟಿಗೆ ಮುಗಿಸಿಬಿಡಿ ಸಾರ್’ ಎಂದರು. ನಾನು ಮೊದಲಿನಿಂದ ಬಾಯಲ್ಲಿ ಹೇಳುತ್ತಿದ್ದುದೂ ಅದನ್ನೇ.

ಈಗ ಯೋಜನೆ ತಂತ್ರಾಂಶದಲ್ಲಿ, ಕಾಲ್‌ಶೀಟ್ ಗೂಗಲ್ ಶೀಟ್ಸ್‌ನಲ್ಲಿ. ಅಲ್ಲಿ ಕೃಷ್ಣಪ್ಪ ಒಡೆಯುವುದಿಲ್ಲ, ವಾಟ್ಸ್ಆ್ಯಪ್ ಗುಂಪಿಗೆ ನೇರವಾಗಿ ಹೋಗುತ್ತಾನೆ. ಎರಡೆರಡು ಕಡೆ ಟೈಪ್ ಮಾಡುವ ಕಿರಿಕಿರಿ ಇದ್ದೇ ಇದೆ. ಒಂದೇ ಮನೆಯಲ್ಲಿ ಸಿನಿಮಾ ಮುಗಿಸುವವರಿಗೆ ಈ ಖರ್ಚು ದಂಡ. ನಮ್ಮಂಥ ಸಣ್ಣ ಬಜೆಟ್ಟಿನವರು ವರ್ಷದ ಚಂದಾ ಕಟ್ಟಲೇಬೇಡಿ. ಶೆಡ್ಯೂಲ್ ಹಾಕುವ ತಿಂಗಳಿನಿಂದ ಕುಂಬಳಕಾಯಿ ಒಡೆದು ಚಿತ್ರೀಕರಣ ಮುಗಿಸುವವರೆಗೆ ಸಾಕು. ಚಂದಾ ನಿಂತ ಮೇಲೆ ಫೈಲ್ ತೆರೆಯಲು ಬಿಡುವುದಿಲ್ಲ, ಪ್ಯಾಚ್‌ವರ್ಕ್ (ಬಿಟ್ಟುಹೋದ ಚೂರುಪಾರು ಶಾಟ್‌ಗಳು) ಬಾಕಿ ಇದ್ದರೆ ಮೊದಲೇ ಎಕ್ಸೆಲ್‌ಗೆ ಇಳಿಸಿಟ್ಟುಕೊಳ್ಳಿ.